ತಣ್ಣನೆಯ ಹಾಸಿಗೆಗಳ ಊರು

ಹೋದ ಅಕ್ಟೋಬರ್‌ನ ಒಂದು ರಾತ್ರಿ, ಸ್ವಿಟ್ಜರ್‌ಲೆಂಡಿನ ಬೆಟ್ಟದ ಊರೊಂದರ ಬಾಡಿಗೆ ಮನೆಯಲ್ಲಿ ಪಾತ್ರೆ ತೊಳೆದಿಟ್ಟು ಬಾಲ್ಕನಿಗೆ ಬಂದವಳು, ಮಾಡಲು ಬೇರೇನೂ ತೋಚದೆ, ಎದುರಿನ ಇಳಿಜಾರಿನ ಮನೆಗಳ ಕಿಟಕಿ ಎಣಿಸತೊಡಗಿದೆ. ದೀಪ ಉರಿಯುತ್ತಿದ್ದ ಕಿಟಕಿಗಳನ್ನು ಮಾತ್ರ. ಹನ್ನೊಂದಕ್ಕೆ ಲೆಕ್ಕ ಮುಗಿದುಹೋಯಿತು. ಫೆಬ್ರುವರಿಯಲ್ಲಿ ಇದೇ ಬಾಲ್ಕನಿಯಿಂದ ನೋಡಿದಾಗ ಹಿಮದ ಮೇಲೆ ಯಾರೋ ಸಾಲುಸಾಲು ಹಣತೆ ಇಟ್ಟುಹೋದಂತೆ ಕಂಡಿದ್ದ ಊರು ಇದು. ಮನೆಗಳೇನೂ ಕಡಿಮೆಯಾಗಿರಲಿಲ್ಲ. ಕಿಟಕಿಯ ಕುಂಡಗಳಲ್ಲಿ ಕೆಂಪು ಜಿರೇನಿಯಂ ಹೂವುಗಳೂ ಹಾಗೇ ಇದ್ದವು, ನೀರು ಹಾಕುವುದಕ್ಕೆ ಜನ ಗೊತ್ತುಮಾಡಿದ್ದರು. ಒಳಗೆ ಮಾತ್ರ ಯಾರೂ ಇಲ್ಲ. ಇಲ್ಲಿಯವರು ಇದನ್ನು ಫ್ರೆಂಚಿನಲ್ಲಿ 'ಲಿ ಫ್ರುವಾ' ಅನ್ನುತ್ತಾರೆ, ತಣ್ಣನೆಯ ಹಾಸಿಗೆ ಅಂತ. ವರ್ಷದಲ್ಲಿ ನಾಲ್ಕಾರು ವಾರ ಯಾರಾದರೂ ಬಂದು ಮಲಗುವ, ಉಳಿದ ದಿನ ರಜಾಯಿ ಮಡಚಿಕೊಂಡು ಬಿದ್ದಿರುವ ಹಾಸಿಗೆ. ಆ ಮಾತು ಕೇಳಿದಾಗಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಹೊಸನಗರದ ಹತ್ತಿರದ ನಮ್ಮ ಮನೆಯಲ್ಲೂ ಏಳು ಹಾಸಿಗೆ ಇವೆ, ಮಲಗುವವರು ಅಪ್ಪಯ್ಯ ಒಬ್ಬರು.

ನಾವು ವಾಸವಿರುವುದು ಈ ಬೆಟ್ಟದಲ್ಲಲ್ಲ, ಬಾಸೆಲ್ ನಗರದಲ್ಲಿ. ಫೆಬ್ರುವರಿಯಲ್ಲಿ ಇಲ್ಲಿಯ ಶಾಲೆಗಳಿಗೆ ಎರಡು ವಾರ ರಜೆ, ಬೆಟ್ಟಕ್ಕೆ ಹೋಗದ ಮಕ್ಕಳು ಕಮ್ಮಿ. ಹೊಟೇಲಿನಲ್ಲಿ ವಾರಗಟ್ಟಲೆ ಬ್ರೆಡ್ಡು-ಚೀಸು ತಿನ್ನುವ ಶಕ್ತಿ ನಮಗಿಲ್ಲದ್ದರಿಂದ, ಅಡುಗೆಮನೆ ಇರುವ ಹಳೇ ಮರದ ಮನೆಯನ್ನೇ ವಾರಕ್ಕೆ ಹಿಡಿದೆವು. ಇಂಥ ಮನೆಗೆ 'ಷಾಲೇ' ಎನ್ನುತ್ತಾರೆ. "ಷಾಲೇ ಬಾಡಿಗೆಗೆ ತಗೊಂಡಿದೀವಿ ಅಪ್ಪಯ್ಯ" ಎಂದು ಫೋನಿನಲ್ಲಿ ಹೇಳಿದರೆ, ಅಪ್ಪಯ್ಯ ಒಂದು ಕ್ಷಣ ಸುಮ್ಮನಿದ್ದು, "ಶಾಲೆಯಾ? ರಜೆ ಅಂದಿದ್ಯಲ್ಲೇ?" ಎಂದಿದ್ದರು. ಇವತ್ತಿಗೂ ನಮ್ಮಲ್ಲಿ ಅದು 'ಅಮ್ಮನ ಶಾಲೆ'. ಮಕ್ಕಳು ಬಿಡುವುದಿಲ್ಲ. ಅಷ್ಟೇನೂ ತಪ್ಪಲ್ಲ ಬಿಡಿ, ಮೂವತ್ತೊಂಬತ್ತನೇ ವಯಸ್ಸಿಗೆ ಸ್ಕೀ ಕಲಿಯಲು ಹೊರಟವಳಿಗೆ ಅದು ಶಾಲೆಯೇ.

ಬಾಸೆಲ್‌ನಿಂದ ರೈಲು ಹತ್ತಿ, 34.6 ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ಸುರಂಗ ದಾಟಿದರೆ ಆಚೆಗೆ ವಾಲೇ ಸೀಮೆ. ಸಿಯೇರ್ ಪಟ್ಟಣದಲ್ಲಿ ಇಳಿದು ಹಳದಿ ಬಸ್ಸು ಹತ್ತಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ರಸ್ತೆ. ತಿರುವಿನಲ್ಲಿ ಬಸ್ಸು ಮೂರು ಸ್ವರದ ಹಾರನ್ನು ಊದುತ್ತದೆ. ರೊಸ್ಸಿನಿಯ ಸಂಗೀತದಿಂದ ಎತ್ತಿಕೊಂಡ ಸ್ವರಗಳಂತೆ ಅವು. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡಿಕೊಂಡು ಬೆಳೆದವಳಿಗೆ ಮಾತ್ರ ಹಾರನ್ ಎಷ್ಟು ಇಂಪಾಗಿದ್ದರೂ ಅಷ್ಟೇ. ಹಾಗೆ ಅನಿವಿಯೇ ಕಣಿವೆಯನ್ನು ಏರಿ, ಸುಮಾರು 1,570 ಮೀಟರ್ ಎತ್ತರದಲ್ಲಿ ಸಿಗುವುದು ಗ್ರಿಮೆಂಟ್ಸ್.

ಒಗ್ಗರಣೆ ಮತ್ತು ಠೇವಣಿ

ಮನೆ ಮೂರಂತಸ್ತು. ಕೆಳಗೆ ಕಲ್ಲಿನ ಗೋಡೆ, ಮೇಲಿನದೆಲ್ಲ ಲಾರ್ಚ್ ಮರದ ದಿಮ್ಮಿ. ಬಿಸಿಲಿಗೆ ಮುಖ ಮಾಡಿದ ಕಡೆ ಮರ ಸುಟ್ಟಂತೆ ಕಪ್ಪಾಗಿತ್ತು. ಹಿಂದೆ ದನ ಕಟ್ಟುತ್ತಿದ್ದ ಕೆಳಭಾಗವನ್ನು ಸರಿಮಾಡಿಕೊಂಡು ಮನೆಯ ಯಜಮಾನಿ ಅಲ್ಲೇ ಇದ್ದಾರೆ. ಎಪ್ಪತ್ತು ದಾಟಿದವರು, ಗಂಡ ಇಲ್ಲ, ಮಕ್ಕಳು ಜಿನೀವಾದಲ್ಲಿ. ನಡುವಿನ ಅಂತಸ್ತು ಮತ್ತು ಅಟ್ಟ ನಮಗೆ. ಒಳಗೆ ಹೋದರೆ ಇಂಡಕ್ಷನ್ ಒಲೆ, ಪಾತ್ರೆ ತೊಳೆಯುವ ಮಷೀನು, ನೆಲದಡಿಯಿಂದ ಬರುವ ಬಿಸಿ, ಸ್ಕೀ ಬೂಟು ಒಣಗಿಸಲು ಗೋಡೆಯಲ್ಲಿ ಬಿಸಿಗಾಳಿಯ ಕೊಳವೆ. ಇವೆಲ್ಲದರ ನಡುವೆ ಮೂಲೆಯಲ್ಲಿ ಆನೆಮರಿಯ ಹಾಗೆ ಕೂತ ಒಂದು ಕಲ್ಲೊಲೆ. ಮುಖದ ಮೇಲೆ 1837 ಎಂದು ಕೆತ್ತಿದೆ. ಕೈಯಿಟ್ಟು ನೋಡಿದರೆ ಸಾಬೂನಿನಂಥ ನುಣುಪು. ನಮ್ಮ ಬೇಲೂರು-ಹಳೇಬೀಡಿನ ಬಳಪದ ಕಲ್ಲಿನ ಕುಲದ್ದೇ. ಹಿಂದಿನ ಅಡುಗೆಮನೆಯಿಂದ ಸೌದೆ ತುರುಕುತ್ತಿದ್ದರಂತೆ. ಹೊಗೆ ಆ ಕಡೆ, ಬಿಸಿ ಈ ಕಡೆ. ಒಮ್ಮೆ ಕಾದರೆ ರಾತ್ರಿಯಿಡೀ ಆರುವುದಿಲ್ಲ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ: ಬಾಡಿಗೆದಾರರು ದಯವಿಟ್ಟು ಒಲೆ ಹೊತ್ತಿಸಬಾರದು.

ಆ ಹಾಳೆಯಲ್ಲಿ ಬೇರೆಯವೂ ಇದ್ದವು. ಶನಿವಾರದಿಂದ ಶನಿವಾರಕ್ಕೆ ಲೆಕ್ಕ. ಕೊನೆಯ ದಿನದ ಶುಚಿಗೊಳಿಸುವಿಕೆಗೆ ಬೇರೆ ದುಡ್ಡು, ಹಾಸು-ಹೊದಿಕೆಗೆ ಬೇರೆ, ತಲೆಗೆ ಇಷ್ಟು ಅಂತ ಪ್ರತಿ ರಾತ್ರಿಗೆ ಪ್ರವಾಸಿ ತೆರಿಗೆ ಬೇರೆ. ಕಸದ ಚೀಲಕ್ಕೂ ತೆರಿಗೆ ಕಟ್ಟಬೇಕು. ಚೀಲ ತುಂಬಿದಷ್ಟೂ ಖರ್ಚು ಎಂದು ಗೊತ್ತಾದ ಮೇಲೆ ನನ್ನ ಗಂಡ ಸಿಪ್ಪೆ ಸಮೇತ ಸೇಬು ತಿನ್ನಲು ಶುರುಮಾಡಿದರು. ಇನ್ನು ಸಾಮಾನುಗಳ ಪಟ್ಟಿ: ದೊಡ್ಡ ಚಮಚ ಹನ್ನೆರಡು, ಚಿಕ್ಕವು ಹನ್ನೆರಡು, ರಾಕ್ಲೆಟ್ ಚೀಸು ಕರಗಿಸುವ ತಟ್ಟೆ ಎಂಟು. ಹೊರಡುವ ದಿನ ಎಣಿಸಿ ಒಪ್ಪಿಸಬೇಕು. ಮೊದಲು ಸಿಟ್ಟು ಬಂತು, ಆಮೇಲೆ ನಗು. ದೇವಸ್ಥಾನದ ಪಾತ್ರೆ ಬಾಡಿಗೆಗೆ ತಂದು ಮದುವೆ ಮಾಡಿ, ಮಾರನೇ ದಿನ ಕೊಳಗ, ಸೌಟು, ಹರಿವಾಣ ಎಣಿಸುತ್ತ ಒಂದು ಸೌಟಿಗಾಗಿ ಇಡೀ ಮನೆಯನ್ನು ತಲೆಕೆಳಗು ಮಾಡುತ್ತಿದ್ದ ನಮಗೆ ಇದೇನು ಹೊಸದು?

ನನ್ನ ನಿಜವಾದ ಭಯ ಒಗ್ಗರಣೆಯದು. ಗೋಡೆ, ಸೂರು, ನೆಲ ಎಲ್ಲ ಮರ. ಮರ ವಾಸನೆ ಕುಡಿಯುತ್ತದೆ. ಇಂಗು-ಬೆಳ್ಳುಳ್ಳಿ ಒಗ್ಗರಣೆಯ ಘಾಟು ಹಿಡಿದುಬಿಟ್ಟರೆ ಠೇವಣಿ ಹೋದ ಹಾಗೇ. ಮೊದಲ ಎರಡು ದಿನ ಮೊಸರನ್ನದಲ್ಲಿ ಕಳೆದೆವು. ಮೂರನೇ ದಿನ ಸ್ಕೀ ಇಳಿಜಾರಿನಲ್ಲಿ ಬಿದ್ದೂ ಬಿದ್ದೂ ಮೈ ನುಗ್ಗಾಗಿ ಬಂದಿದ್ದೆ. ಎರಡೂ ಹಲಗೆಗಳ ಮೂತಿ ಕೂಡಿಸಿ ವೇಗ ಕಡಿಮೆ ಮಾಡುವುದಕ್ಕೆ ಇಲ್ಲಿ ಮಕ್ಕಳಿಗೆ 'ಪಿಝ್ಝಾ' ಎಂದು ಹೇಳಿಕೊಡುತ್ತಾರೆ. ನನ್ನ ಮಗಳು ಮೇಲಿಂದ "ಅಮ್ಮಾ, ಪಿಝ್ಝಾ! ಪಿಝ್ಝಾ!" ಎಂದು ಕಿರುಚುತ್ತಿದ್ದಂತೆ ನಾನು ಬೇಲಿಯ ಬಲೆಗೆ ಹೋಗಿ ಅಪ್ಪಳಿಸಿದ್ದೆ. ಅಂಥ ದಿನ ಸಂಜೆ ಬಿಸಿಬಿಸಿ ಸಾರು ಇಲ್ಲದೆ ಬದುಕುವುದು ಹೇಗೆ? ಕಿಟಕಿಯೆಲ್ಲ ತೆರೆದು, ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಗಾಳಿಯನ್ನು ಒಳಗೆ ಬಿಟ್ಟುಕೊಂಡು, ಟೋಪಿ ಕೋಟು ಹಾಕಿಕೊಂಡೇ ಒಗ್ಗರಣೆ ಕೊಟ್ಟೆ. ಹೊಗೆ ಕಂಡು ಕೂಗುವ ಯಂತ್ರ ಕೂಗಿಕೊಂಡಿತು.

ಯಜಮಾನಿ ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಅವರ ಫ್ರೆಂಚು, ನನ್ನ ಜರ್ಮನ್ನು, ನಡುವೆ ಕೈಸನ್ನೆ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ಅವರು ಕುರ್ಚಿ ಹತ್ತಿ ಆ ಯಂತ್ರದ ಬಾಯಿ ಮುಚ್ಚಿಸಿ, ಸೂರಿನ ತೊಲೆಗೆ ಬೆರಳು ಸವರಿ ತೋರಿಸಿದರು. ಅವರು ಹುಡುಗಿಯಾಗಿದ್ದಾಗ ಅಡುಗೆಮನೆಯ ಮೇಲಿನ ಮರವೆಲ್ಲ ಮಸಿ ಹಿಡಿದು ಮಿರಮಿರ ಮಿಂಚುತ್ತಿತ್ತಂತೆ. ಮನೆ ಹೊಸದು ಮಾಡುವಾಗ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಆ ಮಸಿ ಉಜ್ಜಿ ತೆಗೆಯುವುದಕ್ಕೆ. ಮಸಿ ಇದ್ದರೆ ಯಾರೂ ಬಾಡಿಗೆಗೆ ಬರುವುದಿಲ್ಲವಲ್ಲ. "ಹುಳ ಹಿಡಿಯದ ಹಾಗೆ ಕಾಯುತ್ತಿದ್ದದ್ದೂ ಆ ಮಸಿಯೇ" ಎಂದರು. ಒಂದು ಬಟ್ಟಲು ಸಾರು ಕೊಟ್ಟೆ. ಕುಡಿದು ಕೆಮ್ಮಿದರು. ಇನ್ನೊಂದು ಬಟ್ಟಲು ಕೇಳಲಿಲ್ಲ.

ಹದಿನಾಲ್ಕು ಹೆಸರು

ಸಾರಿನ ನೆಪದಲ್ಲಿ ಕೂತವರು ಮನೆಯ ಕಥೆ ಹೇಳಿದರು. ಈ ಸೀಮೆಯಲ್ಲಿ ಆಸ್ತಿ ಎಲ್ಲ ಮಕ್ಕಳಿಗೂ ಸಮಪಾಲು, ಹೆಣ್ಣುಮಕ್ಕಳಿಗೂ. ತಲೆಮಾರು ಕಳೆದಂತೆ ಒಂದು ಅಂತಸ್ತು ಒಬ್ಬರದು, ಅರ್ಧ ನೆಲಮಾಳಿಗೆ ಇನ್ನೊಬ್ಬರದು, ಕಣಜದ ಕಾಲುಪಾಲು ಮಗದೊಬ್ಬರದು. ಈ ಮನೆಯ ಕಾಗದಪತ್ರದಲ್ಲಿ ಹದಿನಾಲ್ಕು ಹೆಸರಿದ್ದವಂತೆ. ಅಷ್ಟೂ ಜನರನ್ನು ಹುಡುಕಿ, ಸಹಿ ಹಾಕಿಸಿ, ಪಾಲು ಕೊಂಡುಕೊಂಡು ಒಂದು ಹೆಸರಿಗೆ ತರುವಷ್ಟರಲ್ಲಿ ಗಂಡ ತೀರಿಕೊಂಡಿದ್ದರು. ಪಹಣಿಯಲ್ಲಿ ಸತ್ತವರ ಹೆಸರುಗಳನ್ನೇ ಹೊತ್ತುಕೊಂಡು ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ನಮ್ಮವರು ಯಾರಾದರೂ ಅಲ್ಲಿದ್ದಿದ್ದರೆ ಅವರ ಕೈ ಹಿಡಿದುಕೊಂಡು ಅತ್ತುಬಿಡುತ್ತಿದ್ದರು.

ನಾವು ಬಾಸೆಲ್‌ನವರು ಎಂದಾಗ ಅವರ ಮುಖದಲ್ಲಿ ಏನೋ ಹಾದುಹೋಯಿತು. ಫ್ರಾನ್ಸ್ ವೇಬರ್ ಹುಟ್ಟಿದ ಊರು ಬಾಸೆಲ್. ನಿಸರ್ಗ ಕಾಪಾಡಲು ಜೀವನವಿಡೀ ಜಗಳವಾಡಿದ ಮನುಷ್ಯ. ಅವರ ಹೋರಾಟದಿಂದಾಗಿಯೇ 2012ರ ಮಾರ್ಚ್ 11ರಂದು ಇಡೀ ಸ್ವಿಟ್ಜರ್‌ಲೆಂಡ್ ಮತ ಹಾಕಿತು: ಯಾವ ಊರಲ್ಲೂ ರಜೆಗೆ ಮಾತ್ರ ಬಂದುಹೋಗುವವರ 'ಎರಡನೇ ಮನೆ'ಗಳು ಶೇಕಡ 20ನ್ನು ಮೀರಬಾರದು. ಶೇಕಡ 50.6 ಹೌದು ಅಂದರು. ಬೆಟ್ಟದ ಸೀಮೆಯಾದ ವಾಲೇಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಬೇಡ ಅಂದಿದ್ದರು. ಕಟ್ಟುವ ಕೆಲಸ, ಮರಗೆಲಸ ನಂಬಿಕೊಂಡವರು ಅವರು. ಊರಿನ ಮನೆ ಹೇಗಿರಬೇಕೆಂದು ಪೇಟೆಯವರು ತೀರ್ಮಾನಿಸಿದರು ಎಂಬ ನೋವು ಇನ್ನೂ ಆರಿಲ್ಲ. ಪಶ್ಚಿಮಘಟ್ಟ ಕಾಪಾಡುವ ಕಸ್ತೂರಿರಂಗನ್ ವರದಿ ಎಂಬ ಹೆಸರೆತ್ತಿದರೆ ಮಲೆನಾಡಿನ ಅಂಗಡಿ ಕಟ್ಟೆಗಳ ಮೇಲೆ ಏನಾಗುತ್ತದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗೆ ಎರಡೂ ಕಡೆಯವರ ಮಾತು ಸರಿಯೆನಿಸುತ್ತದೆ. ಹಾಗೆನ್ನುವುದು ಹೇಡಿತನ ಎಂದೂ ಅನಿಸುತ್ತದೆ.

ಆದರೆ ಆ ಕಾನೂನಿಗೆ ಒಂದು ಬಾಗಿಲಿದೆ. ಮತದಾನದ ದಿನಕ್ಕೆ ಮೊದಲೇ ಇದ್ದ ಮನೆಗಳಿಗೆ ಈ ಕಟ್ಟುಪಾಡು ಇಲ್ಲ, ಅವನ್ನು ಯಾರು ಬೇಕಾದರೂ ರಜೆಯ ಮನೆಯಾಗಿ ಇಟ್ಟುಕೊಳ್ಳಬಹುದು. ಹೊಸದು ಕಟ್ಟುವಂತಿಲ್ಲ, ಹಳೆಯದಕ್ಕೆ ತಡೆಯಿಲ್ಲ ಎಂದ ಮೇಲೆ ಮಸಿ ಹಿಡಿದ ಹಳೇ ಮನೆಗಳಿಗೆಲ್ಲ ಗಿರಾಕಿಗಳು. ಯಜಮಾನಿಯ ಮನೆಗೂ ಬಂದಿದ್ದರಂತೆ. ಅವರು ಮಾರಲಿಲ್ಲ. ಬಾಡಿಗೆಗೆ ಕೊಡುವುದಾದರೆ ಕಿಟಕಿಯಲ್ಲಿ ದೀಪವಾದರೂ ಉರಿಯುತ್ತದೆ, ಕೊಂಡವನು ವರ್ಷಕ್ಕೆ ಮೂರು ವಾರ ಬಂದು, ಉಳಿದ ದಿನ ಫೋನಿನಲ್ಲೇ ಹೀಟರ್ ಏರಿಸಿ ಇಳಿಸುತ್ತಾನೆ ಎಂದರು. ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯದಷ್ಟು ಬಿಸಿ ಸಾಕಂತೆ ಖಾಲಿ ಮನೆಗೆ. ನಮ್ಮಲ್ಲಿ ಒಲೆ ಉರಿಯದ ಮನೆಗೆ ಗೆದ್ದಲು, ಇವರಲ್ಲಿ ಹೆಪ್ಪು.

ನಾನಾಗ ಗೆದ್ದೆ ಎಂದುಕೊಂಡೆ. ಬಾಡಿಗೆಗೆ ಬರುವ ನಾವು ಹಾಸಿಗೆ ಬೆಚ್ಚಗಿಡುವವರು, ಒಳ್ಳೆಯವರು. ಕೊಳ್ಳುವವರು ಕೆಟ್ಟವರು. ಆಮೇಲೆ ಊರಿನ ಹಳೇ ಕಥೆ ತಿಳಿದಾಗ ಈ ಲೆಕ್ಕ ಕೆಟ್ಟುಹೋಯಿತು. ಅನಿವಿಯೇ ಜನ ಹಿಂದೆಯೂ ಒಂದೇ ಮನೆಯಲ್ಲಿ ವರ್ಷವಿಡೀ ಇದ್ದವರಲ್ಲ. ವಸಂತ ಬಂತೆಂದರೆ ಮಕ್ಕಳು, ಹೇಸರಗತ್ತೆ, ಪಾದ್ರಿ, ಮೇಷ್ಟ್ರು ಸಮೇತ ಕೆಳಗಿನ ಸಿಯೇರ್‌ಗೆ ಇಳಿದು ದ್ರಾಕ್ಷಿ ತೋಟ ಮಾಡುತ್ತಿದ್ದರು. ಅಲ್ಲಿಂದ ವಾಪಸ್ಸು ಊರಿಗೆ, ಊರಿನ ಮೇಲಿನ ಹುಲ್ಲುಗಾವಲಿನ ಗುಡಿಸಲಿಗೆ, ಬೇಸಿಗೆಯಲ್ಲಿ ಇನ್ನೂ ಮೇಲೆ ಕಪ್ಪು ಎರೆನ್ಸ್ ಹಸುಗಳ ಹಿಂದೆ. ಒಂದೊಂದು ಕುಟುಂಬಕ್ಕೆ ಮೂರು ನಾಲ್ಕು ಸೂರು, ಯಾವಾಗಲೂ ಒಂದರಲ್ಲಿ ಜನ, ಉಳಿದವು ಖಾಲಿ. ಕೆಳಗೆ ಮಾಡಿದ ವೈನನ್ನು ಮೇಲೆ ತಂದು ಲಾರ್ಚ್ ಪೀಪಾಯಿಯಲ್ಲಿ ಇಡುತ್ತಿದ್ದರು. ಗ್ರಿಮೆಂಟ್ಸ್‌ನ ಊರಮನೆಯ ನೆಲಮಾಳಿಗೆಯಲ್ಲಿ 1886ರ ಪೀಪಾಯಿ ಈಗಲೂ ಇದೆ. ಪೂರ್ತಿ ಬರಿದು ಮಾಡುವುದಿಲ್ಲ, ಕುಡಿದಷ್ಟು ಹೊಸತು ಸುರಿಯುತ್ತಾರೆ. ನಮ್ಮ ಮೊಸರಿನ ಹೆಪ್ಪಿನ ಹಾಗೆ. ಅಂದರೆ ಈ ಊರಿನ ಹಾಸಿಗೆಗಳು ತಣ್ಣಗಾಗುವುದು ಹೊಸತೇನಲ್ಲ. ಆಗ ಖಾಲಿ ಮನೆಗೂ ಒಂದು ತಿಥಿ ಗೊತ್ತಿತ್ತು: ಹುಲ್ಲು ಬಲಿತಾಗ ಬರುತ್ತಾರೆ, ದ್ರಾಕ್ಷಿ ಕೊಯ್ಲಿಗೆ ಹೋಗುತ್ತಾರೆ. ನಾನು ಶನಿವಾರ ಬಂದು ಶನಿವಾರ ಹೋಗುವವಳು. ನನ್ನ ತಿಥಿ ಬಾಸೆಲ್‌ನ ಶಾಲೆಯದು. ಆ ಮನೆಗೂ ನನಗೂ ಹನ್ನೆರಡು ಚಮಚದ ಸಂಬಂಧ.

ಗೋಡೆಯ ಗೀರು

ಅಕ್ಟೋಬರ್‌ನಲ್ಲಿ ಅಪ್ಪಯ್ಯ ಬಂದಿದ್ದರು. ಅಮ್ಮ ಹೋದ ಮೇಲೆ ಮೊದಲ ಸಲ. ಅಡಿಕೆ ಕೊಯ್ಲು ಶುರುವಾಗುವ ಮೊದಲು ವಾಪಸ್ಸು ಕಳಿಸಬೇಕೆಂಬ ಷರತ್ತಿನ ಮೇಲೆ. ಸ್ಕೀ ಕಾಲವಲ್ಲದ್ದರಿಂದ ಬಾಡಿಗೆ ಅಗ್ಗ, ಹೋಗೋಣ ಎಂದು ಅದೇ ಮನೆಗೆ ಕರೆದುಕೊಂಡು ಹೋದೆವು. ಆ ಮನೆಯ ಬಾಗಿಲುಗಳು ಗಿಡ್ಡ. ಬಿಸಿ ಹೊರಗೆ ಹೋಗದಿರಲೆಂದು ಹಾಗೆ ಇಟ್ಟದ್ದು. ಫೆಬ್ರುವರಿಯ ಒಂದು ವಾರದಲ್ಲಿ ನನ್ನ ಗಂಡ ತಲೆ ಜಜ್ಜಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅಪ್ಪಯ್ಯ ಒಳಗೆ ಕಾಲಿಟ್ಟದ್ದೇ ತಲೆ ಬಗ್ಗಿಸಿಕೊಂಡು. ಯಾರೂ ಹೇಳಲಿಲ್ಲ. ಇಡೀ ವಾರ ಒಂದು ಸಲವೂ ತಾಗಿಸಿಕೊಳ್ಳಲಿಲ್ಲ. ನಮ್ಮೂರ ಮನೆಯ ಹೆಬ್ಬಾಗಿಲು ಹಾಗೆಯೇ ಇದೆಯಲ್ಲ, ಎಪ್ಪತ್ತು ವರ್ಷದ ಅಭ್ಯಾಸ.

ಬೆಟ್ಟದ ದಾರಿಗಳು ಅವರಿಗೆ ಬಹಳ ಹಿಡಿಸಿದವು. ಹಳದಿ ಫಲಕಗಳ ಮೇಲೆ ಕಿಲೋಮೀಟರ್ ಬರೆಯುವುದಿಲ್ಲ, ನಡೆಯಲು ಹಿಡಿಯುವ ಹೊತ್ತು ಬರೆದಿರುತ್ತಾರೆ. "ಇದು ಸರಿ ನೋಡು" ಎಂದರು. "ಗುಡ್ಡದಲ್ಲಿ ಮೈಲಿ ಕಟ್ಕೊಂಡು ಏನ್ ಮಾಡ್ತೀಯ?" ಕೂಗಳತೆ, ಬೀಡಿ ಸೇದಿ ಮುಗಿಸುವಷ್ಟು ದೂರ ಎಂದೆಲ್ಲ ದಾರಿ ಅಳೆದವರು ತಾನೇ. ಲಾರ್ಚ್ ಮರಗಳು ಹೊನ್ನಿನ ಬಣ್ಣಕ್ಕೆ ತಿರುಗಿದ್ದವು. ಸೂಜಿಯೆಲೆಯ ಮರವೊಂದು ಎಲೆ ಉದುರಿಸುತ್ತದೆ ಎಂಬುದನ್ನು ಅಪ್ಪಯ್ಯ ನಂಬಲೇ ಇಲ್ಲ, ರೋಗ ಬಂದಿದೆ ಎಂದೇ ವಾದಿಸಿದರು.

ಒಂದು ದಿನ ಮುವಾರಿ ಅಣೆಕಟ್ಟಿಗೆ ಹೋದೆವು. 1958ರಲ್ಲಿ ಮುಗಿದದ್ದು, 148 ಮೀಟರ್ ಎತ್ತರ, ಆಚೆಗೆ ಹಿಮನದಿ, ನಡುವೆ ನವಿಲುಗರಿಯ ಕಣ್ಣಿನಂಥ ನೀರು. ಎಲ್ಲರೂ ಫೋಟೋ ಹಿಡಿಯುತ್ತಿದ್ದಾಗ ಅಪ್ಪಯ್ಯ ಕಟ್ಟೆಯ ಗೋಡೆಗೆ ಕೈಕೊಟ್ಟು ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಯಾರದ್ದು ಮುಳುಗಿತು?" ದನ ಮೇಯುವ ಹುಲ್ಲುಗಾವಲು ಎಂದೆ. "ಮನೆ?" ಊರೇನೂ ಇರಲಿಲ್ಲ ಎಂದೆ. ಹೂಂಗುಟ್ಟಿದರು. ಲಿಂಗನಮಕ್ಕಿಯ ನೀರು ಏರಿದಾಗ ಅವರಿಗೆ ಹತ್ತು ವರ್ಷ. ಆ ಜಲಾಶಯ ತುಂಬುವ ಮಟ್ಟವಾದ 1819 ಅಡಿ ಎಂಬ ಸಂಖ್ಯೆಯನ್ನು ನಮ್ಮ ಕಡೆಯ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ.

ಅವತ್ತು ಸಂಜೆ ಚಳಿ ಹೆಚ್ಚಿತ್ತು. ಅಪ್ಪಯ್ಯ ಕಂಬಳಿ ಹೊದ್ದು ಕೂತದ್ದನ್ನು ಕಂಡ ಯಜಮಾನಿ ಏನೂ ಹೇಳದೆ ಕೆಳಗೆ ಹೋಗಿ ಸೌದೆ ತಂದು ಆ 1837ರ ಒಲೆಯನ್ನು ತಾವೇ ಹೊತ್ತಿಸಿದರು. ನಿಯಮ ಬರೆದವರೇ ನಿಯಮ ಮುರಿದರು. ಕಲ್ಲು ಕಾಯಲು ಎರಡು ಗಂಟೆ ಬೇಕು. ಅಷ್ಟು ಹೊತ್ತು ಏನು ಮಾಡುವುದೆಂದು ಅಪ್ಪಯ್ಯ ಎದ್ದು ಗೋಡೆಯ ದಿಮ್ಮಿಗಳನ್ನು ಒಂದೊಂದಾಗಿ ತಡವುತ್ತ ಹೊರಟರು. ಮೂಲೆಯಲ್ಲಿ ನಿಂತರು. ಕನ್ನಡಕ ಏರಿಸಿದರು. "ಇಲ್ಲಿ ಬಾರೆ. ಈ ಮನೇನ ಒಂದ್ ಸಲ ಬಿಚ್ಚಿದಾರೆ."

ನೋಡಿದರೆ ದಿಮ್ಮಿಯ ತುದಿಯಲ್ಲಿ ಉಳಿಯಿಂದ ಹೊಡೆದ ಗೀರುಗಳು. ಒಂದರ ಮೇಲೆ ಎರಡು ಗೀರು, ಅದರ ಮೇಲಿನದಕ್ಕೆ ಮೂರು. ನಾಲ್ಕನೆಯದಕ್ಕೆ ನಾಲ್ಕು. ಎರಡು ವಾರ ಆ ಮನೆಯಲ್ಲಿ ಮಲಗೆದ್ದ ನಾನು ಅದನ್ನು ಕಂಡೇ ಇರಲಿಲ್ಲ. ಯಜಮಾನಿಯನ್ನು ಕೇಳಿದರೆ ಹೌದು ಎಂದರು. ಮೊದಲು ಇದು ಕೆಳಗಿನ ಇನ್ನೊಂದು ಜಾಗದಲ್ಲಿತ್ತಂತೆ. ಮರದ ಮನೆ ಬಿಚ್ಚಿ ಹೊತ್ತು ತಂದು ಮತ್ತೆ ಜೋಡಿಸುವುದು ಇಲ್ಲಿ ಸಾಮಾನ್ಯ. ಯಾವ ದಿಮ್ಮಿ ಎಲ್ಲಿಗೆ ಎಂದು ಗೊತ್ತಾಗಲು ಈ ಗುರುತು. ಅವರ ಮುತ್ತಜ್ಜನ ಕಾಲದ್ದು.

ಅಪ್ಪಯ್ಯ ಒಲೆಗೆ ಬೆನ್ನು ಕೊಟ್ಟು ಕೂತು, ನನಗೆ ಇದುವರೆಗೆ ಹೇಳದ್ದನ್ನು ಹೇಳಿದರು. ನೀರು ಬರುತ್ತದೆಂದು ಗೊತ್ತಾದ ವರ್ಷ ಅಜ್ಜ ಹೆಂಚು ಇಳಿಸಿದರು, ರೀಪು, ಪಕಾಸು, ತೊಲೆ ಇಳಿಸಿದರು. ಇಳಿಸಿದ್ದಕ್ಕೆಲ್ಲ ಸುಣ್ಣದಲ್ಲಿ ಗುರುತು. ಗುರುತು ಹಾಕುವ ಕೆಲಸ ಹತ್ತು ವರ್ಷದ ಅಪ್ಪಯ್ಯನದು, ಅಕ್ಷರ ಚೆನ್ನಾಗಿತ್ತಂತೆ. ಒಂದು, ಎರಡು, ಮೂರು ಅಂತ ಬರೆಯುತ್ತ ಹೋಗಿ ಗಾಡಿಗೆ ಏರಿಸಿದರು. ದಾರಿಯಲ್ಲಿ ಮಳೆ ಹೊಡೆಯಿತು. ಸುಣ್ಣ ತೊಳೆದುಹೋಯಿತು. ಹೊಸ ಜಾಗಕ್ಕೆ ಬಂದು ನೋಡಿದರೆ ಎಲ್ಲ ಒಂದೇ ಥರದ ಮರ. ಅಜ್ಜ ಬಯ್ಯಲಿಲ್ಲವಂತೆ. ಮುಂಬಾಗಿಲಿನ ಹಲಸಿನ ಚೌಕಟ್ಟು ಮಾತ್ರ ಬಿಡಿಸದೆ ಇಡಿಯಾಗಿ ತಂದಿದ್ದರು, ಅದೊಂದು ಇದ್ದ ಹಾಗೇ ನಿಂತಿತು. ಉಳಿದ ಮನೆ ಅಂದಾಜಿನಲ್ಲಿ ಎದ್ದಿತು. ನಮ್ಮ ಅಟ್ಟದ ತೊಲೆಗಳು ಯಾಕೆ ಒಂದಕ್ಕೊಂದು ಕೂಡುವುದಿಲ್ಲ, ಜಗಲಿಯ ಕಂಬದ ಕೆತ್ತನೆ ಯಾಕೆ ಗೋಡೆಗೆ ಮುಖ ಮಾಡಿದೆ ಎಂದು ನಾನು ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದ್ದೆ. ಬಡಗಿ ಕುಡಿದಿದ್ದ ಎಂದು ಹೇಳುತ್ತಿದ್ದರು.

"ಉಳೀಲಿ ಗೀರ್ಬೇಕಿತ್ತು" ಎಂದರು ಅಪ್ಪಯ್ಯ. ಅಷ್ಟು ಹೊತ್ತಿಗೆ ಕಲ್ಲು ಕಾದಿತ್ತು.

ಊರಿಗೆ ಹೋದ ಮೇಲೆ ಅವರಿಗೂ ನನ್ನ ತಮ್ಮನಿಗೂ ಹೊಸ ಚರ್ಚೆ ಶುರುವಾಗಿದೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಮನೆಯನ್ನು ಹೋಮ್‌ಸ್ಟೇ ಮಾಡುವ ಆಸೆ ಮೊದಲಿಂದಲೂ ಇತ್ತು. ಈ ಸಲ ಅಪ್ಪಯ್ಯನೂ ಬೇಡ ಅನ್ನಲಿಲ್ಲ. ಮಳೆಗಾಲದಲ್ಲಿ ಅಟ್ಟದ ಕೋಣೆಗೆ ಗೆದ್ದಲು ಹತ್ತಿದೆ, ಯಾರಾದರೂ ಬಂದು ಮಲಗಲಿ ಎನ್ನುತ್ತಾರೆ. ಬಚ್ಚಲ ಹಂಡೆಯೊಲೆ ಇರಬೇಕೋ ಗೀಸರ್ ಹಾಕಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಚಮಚದ ಪಟ್ಟಿಯ ಫೋಟೋ ಕಳಿಸು ಎಂದು ನನ್ನಿಂದ ತರಿಸಿಕೊಂಡಿದ್ದಾರೆ. ಜಗಳ ಹತ್ತಿರುವುದು ಹೆಬ್ಬಾಗಿಲಿನ ವಿಷಯಕ್ಕೆ. ಬರುವವರೆಲ್ಲ ತಲೆ ಜಜ್ಜಿಕೊಂಡು ಕೆಟ್ಟದಾಗಿ ಬರೆದುಹೋಗುತ್ತಾರೆ, ಚೌಕಟ್ಟು ತೆಗೆದು ಒಂದಡಿ ಎತ್ತರಿಸೋಣ ಎಂದು ತಮ್ಮ. ಬಡಗಿಯನ್ನೂ ಕರೆಸಿದ್ದನಂತೆ. ಅಪ್ಪಯ್ಯ ಬಡಗಿಗೆ ಕಾಫಿ ಕುಡಿಸಿ, ಕೊಟ್ಟಿಗೆಯ ಗೋದಲಿ ರಿಪೇರಿ ಮಾಡಿಸಿ ಕಳಿಸಿದ್ದಾರೆ.

"ಯಾಕೆ ಅಪ್ಪಯ್ಯ?" ಎಂದು ಕೇಳಿದೆ ಮೊನ್ನೆ ಫೋನಿನಲ್ಲಿ.

"ಅದೊಂದನ್ನ ಬಿಚ್ಚಿಲ್ಲ ಕಣೆ ಇನ್ನೂ" ಎಂದರು.